ದೋಣಿಯವಳು ಮಾರ್ಕೆಟಿಂಗ್ ಓದಲು ಹೋದದ್ದು

ಕೊಲ್ಹಾರ, ಕೃಷ್ಣಾ ದಂಡೆ
30 ಫೆಬ್ರವರಿ 2187

ನಡುವಯಸ್ಸಿನಲ್ಲಿ ಕಾಲೇಜು ಸೇರಬೇಕೆಂದು ಯೋಚಿಸುತ್ತಿರುವ ಹಿಂದಿನ ಕಾಲದವರೇ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನಗಳಿವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನಾನು ರುದ್ರವ್ವ ಅಂಬಿಗೇರ. ಆಲಮಟ್ಟಿ ಹಿನ್ನೀರಿನಲ್ಲಿ ಬಹಳ ವರ್ಷ ಪ್ರಯಾಣಿಕರ ದೋಣಿ ನಡೆಸಿದೆ. ಆಮೇಲೆ ತಾನೋಡ ಬಂತು. ಚುಕ್ಕಾಣಿಗೆ ಯಾರೂ ಬೇಡದೆ ತಾನೇ ಸಾಗುವ ದೋಣಿಗೆ ನಾವಿಟ್ಟ ಹೆಸರು ಅದು. ಊರಿಂದೂರಿಗೆ ಹೋಗುವವರೆಲ್ಲ ಅದನ್ನೇ ಹತ್ತಿದರು. ಕೆಲಸ ಹೋದ ನಾವು ಆರು ಹೆಂಗಸರು ಹಳೆಯ ದೋಣಿಗಳನ್ನು ಉಳಿಸಿಕೊಂಡು ಸಂಜೆಯ ವಿಹಾರಕ್ಕೆ ಜನರನ್ನು ಕರೆದೆವು. ಜನ ಬರಲಿಲ್ಲ. ಹೀಗೇ ಖಾಲಿ ನಿಂತರೆ ಒಂದೊಂದಾಗಿ ಒಡೆದು ಗುಜರಿಗೆ ಹಾಕುವುದಾಗಿ ಬಂದರಿನವರು ತಿಳಿಸಿದರು. ನಮ್ಮಲ್ಲೊಬ್ಬರು ಮಾರ್ಕೆಟಿಂಗ್ ಕಲಿಯಲೇಬೇಕಾಯಿತು. ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ನನಗಾಗಲೇ ಐವತ್ತು ತುಂಬಿತ್ತು.

ನನ್ನ ಗಂಡ ಯಮನಪ್ಪ ಧಾರವಾಡದ ಒಂದು ದೊಡ್ಡ ಕಾಲೇಜನ್ನೇ ಹಿಡಿದು ಕೂತ. "ಸೇರೂದಾದ್ರ ಹೆಸರಿದ್ದಲ್ಲಿ ಸೇರು. ಅಲ್ಲೀ ಪದವಿ ಅಂದ್ರ ಯಾರೂ ಎದುರು ಮಾತಾಡಂಗಿಲ್ಲ" ಎಂದ. ಇಬ್ಬರೂ ಹೋಗಿ ನೋಡಿದೆವು. ಅಲ್ಲಿ ಕಣ್ಣಳೆ ಕಲಿಸುತ್ತಾರೆ. ಎಂದರೆ, ಕೊಳ್ಳುವವರ ದೃಷ್ಟಿ ಯಾವ ವಸ್ತುವಿನ ಮೇಲೆ ಎಷ್ಟು ಹೊತ್ತು ನಿಂತಿತೆಂದು ಯಂತ್ರದಿಂದ ಅಳೆಯುವ ವಿದ್ಯೆ. ಆ ಕಟ್ಟಡ ನೋಡಿ ನನಗೂ ಆಸೆಯಾಯಿತು. ಒಂದು ತರಗತಿಯಲ್ಲಿ ಕೂತು ನೋಡಲೇ ಎಂದು ಪ್ರವೇಶ ವಿಭಾಗದ ಯುವಕನನ್ನು ಕೇಳಿದೆ. ಹಾಗೆ ಬಿಡುವ ಪದ್ಧತಿಯಿಲ್ಲ ಎಂದ.

"ನನ್ನ ವಾರಿಗಿಯವ್ರು, ಐವತ್ತು ದಾಟಿದವ್ರು, ಯಾರರೆ ಇಲ್ಲಿ ಕಲ್ತಾರೇನ್ರೀ? ಅವರ ಜೋಡಿ ಒಂದ್ ಮಾತು ಆಡಬೇಕಿತ್ತು."

"ಇಬ್ಬರು ಸೇರಿದ್ರು ಅಮ್ಮಾರ. ದಿನಾ ಮುಂಜಾನಿಂದ ಸಂಜೀತನಕ ಕ್ಲಾಸ್ ಇರ್ತಾವು. ಮನಿ ಬಿಟ್ಟು ಇಲ್ಲೇ ಇರಾಕ ಆಗ್ಲಿಲ್ಲ, ನಡುವೇ ಬಿಟ್ಟು ಹೋದ್ರು."

ಅವನು ನಿಜ ಹೇಳಿದ. ಅದಕ್ಕೆ ನಾನಿಂದಿಗೂ ಋಣಿ.

ಆಮೇಲೆ ಇಬ್ಬರೂ ವಿಜಯಪುರದ ಕಾಲೇಜಿಗೆ ಹೋದೆವು. ಚಿಕ್ಕದು, ವಾರಕ್ಕೆರಡು ದಿನ ಪಾಠ. ಅಲ್ಲಿನ ಅಧ್ಯಾಪಕಿ ಮೆಹರುನ್ನಿಸಾ ನನ್ನನ್ನು ನೇರ ತರಗತಿಗೇ ಕರೆದೊಯ್ದರು. ನನ್ನ ಪಕ್ಕ ಕೂತಿದ್ದ ನರೆತ ಮೀಸೆಯವರು ಒಂದು ಕಾಲದ ಪೈಲ್ವಾನರು. ಮನೆಯ ಗಾಣದ ಎಣ್ಣೆ ಮಾರುವುದಕ್ಕಾಗಿ ಓದುತ್ತಿದ್ದರು. ಪಾಠ ಅರ್ಧ ತಿಳಿಯಿತು, ಅರ್ಧ ತಲೆಗೆ ಹತ್ತಲಿಲ್ಲ.

"ದೊಡ್ಡ ಕಂಪನ್ಯಾಗ ನೌಕರಿ ಬೇಕಂದ್ರ ಇಲ್ಲಿ ಬರಬ್ಯಾಡ್ರಿ ಅಕ್ಕಾರ" ಎಂದರು ಮೆಹರುನ್ನಿಸಾ, ಪಾಠ ಮುಗಿದ ಮೇಲೆ. "ನಮ್ಮ ಸರ್ಟಿಫಿಕೇಟ್ ಅಲ್ಲಿ ನಡ್ಯಂಗಿಲ್ಲ. ನಿಮಗೇನು ಬೇಕಾಗೇತಿ ಹೇಳ್ರಿ."

"ದೋಣ್ಯಾಗ ಜನ ಬೇಕ್ರೀ."

"ಹಂಗಾರ ಬರ್ರಿ."

ಇಬ್ಬರೂ ಊರಿಗೆ ಮರಳಿದೆವು. ಚಪ್ಪಲಿ ಬಿಡುವಾಗ ಯಮನಪ್ಪ, "ದೋಣಿ ನಿಮ್ಮವು. ನಿನಗ ತಿಳಿದಂಗ ಮಾಡು" ಎಂದ. ಮರುವಾರವೇ ವಿಜಯಪುರದಲ್ಲಿ ಸೇರಿದೆ.

ದಡದವರೆಗೆ ಬಂದು ಹತ್ತದೆ ಹಿಂದಿರುಗುವವರನ್ನು ಮಾತಾಡಿಸಿ ಬನ್ನಿ ಎಂಬುದೇ ಮೆಹರುನ್ನಿಸಾ ಕೊಟ್ಟ ಮೊದಲ ಕೆಲಸ. ಮಗುವನ್ನು ಎತ್ತಿಕೊಂಡಿದ್ದ ಒಬ್ಬ ತಾಯಿ ಹೇಳಿದಳು: "ಮನಷ್ಯಾರು ನಡಸೂ ದೋಣಿ ಅಂತ ಬೋರ್ಡ್ ಹಾಕೀರಲ್ಲ, ಅದನ್ನ ಓದಿದ್ರ ಅಂಜಿಕಿ ಬರತೈತ್ರಿ." ತಾನೋಡಕ್ಕೆ ಒಗ್ಗಿದವರಿಗೆ ಮನುಷ್ಯರ ಕೈ ಎಂದರೇ ಭಯ. ನಾವು ಹೆಮ್ಮೆಯಿಂದ ಬರೆಸಿದ ಬೋರ್ಡೇ ಜನರನ್ನು ಹಿಂದಕ್ಕೆ ಕಳಿಸುತ್ತಿತ್ತು. ನನಗೆ ಸಿಟ್ಟು ಬಂತು, ಆಮೇಲೆ ನಗುವೂ ಬಂತು. ಬೋರ್ಡ್ ಇಳಿಸಿದೆವು. ದಡದ ಹತ್ತಿರ, ಮೊಣಕಾಲುದ್ದ ನೀರಿನಲ್ಲಿ, ಬಂದವರ ಕೈಗೇ ಚುಕ್ಕಾಣಿ ಕೊಟ್ಟೆವು. ಅಂಜಿಕೆ ಬಿಟ್ಟವರು ಹತ್ತಿದರು, ಮುಂದಿನ ಸಲ ನೆಂಟರನ್ನೂ ಕರೆತಂದರು. ಎಲ್ಲ ದೋಣಿಗಳೂ ಉಳಿಯಲಿಲ್ಲ. ಅಷ್ಟರೊಳಗೆ ಎರಡನ್ನು ನಮ್ಮೆದುರೇ ಒಡೆದಿದ್ದರು. ಆ ದಿನ ನಮ್ಮಲ್ಲಿ ಯಾರೂ ಊಟ ಮಾಡಲಿಲ್ಲ. ಉಳಿದವು ನಡೆಯುತ್ತಿವೆ. ಪರೀಕ್ಷೆಯಲ್ಲಿ ನಾನು ಒಮ್ಮೆ ಫೇಲಾಗಿ, ಮತ್ತೆ ಬರೆದು ಪಾಸಾದೆ.

ನಿಮ್ಮಲ್ಲಿ ನನ್ನದೊಂದೇ ವಿನಂತಿ. ಯಾವ ಕಾಲೇಜಿಗಾದರೂ ಸೇರುವ ಮುನ್ನ ನಿಮಗೇನು ಬೇಕೆಂಬುದನ್ನು ಒಂದೇ ಮಾತಿನಲ್ಲಿ ಹೇಳಲು ಕಲಿಯಿರಿ. ನಿಮ್ಮ ವಯಸ್ಸಿನಲ್ಲಿ ಅಲ್ಲಿ ಓದಿದವರನ್ನು ಹುಡುಕಿ ಮಾತಾಡಿಸಿ. ಒಂದು ಪಾಠಕ್ಕೆ ಕೂತು ನೋಡಿ. ಕೂರಲು ಬಿಡದಿದ್ದರೆ ಇನ್ನೊಂದು ಬಾಗಿಲು ತಟ್ಟಿ.

ಇನ್ನು ಬರೆಯಲು ಹೊತ್ತಿಲ್ಲ. ದಡದಲ್ಲಿ ಜನ ಕಾಯುತ್ತಿದ್ದಾರೆ.

ರುದ್ರವ್ವ