ನಕ್ಷೆಯಲ್ಲಿ ನಾನು ಖಾಲಿ ಬಿಟ್ಟ ಹಳ್ಳ

ಹಳೆಯ ಕೀಟನಾಶಕಗಳ ವಿಲೇವಾರಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಕಾನಹೊಸಹಳ್ಳಿಯಾಚೆ ಜೋಡುಬಂಡೆ ಗುಡ್ಡದ ಹಳ್ಳದಲ್ಲಿ ನೀವು ಹೂಳಿಸಿದ ನಲವತ್ತು ಚೀಲ ಬಿ.ಎಚ್.ಸಿ. ಪುಡಿಯನ್ನು ಕೂಡಲೇ ತೆಗೆಸಬೇಕು. ಹದಿನೈದು ದಿನದ ಹಿಂದೆ ಅರ್ಜಿಯಲ್ಲೂ ಇದನ್ನೇ ಬರೆದಿದ್ದೆ. ನಿಮ್ಮ ಕಚೇರಿ ಒಂದೇ ಸಾಲಿನಲ್ಲಿ ಉತ್ತರಿಸಿತು: "ನಕ್ಷೆಯ ಪ್ರಕಾರ ಸದರಿ ಸ್ಥಳದಲ್ಲಿ ವನ್ಯಪ್ರಾಣಿಗಳ ವಾಸವಿರುವುದಿಲ್ಲ." ಆ ನಕ್ಷೆ ಬರೆದವಳು ನಾನೇ. ಕೆಳಗಿನ ಸಹಿಯೂ ನನ್ನದೇ. ಅದಕ್ಕೇ ಈಗ ಪತ್ರಿಕೆಯಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ.

ಕಳೆದ ಡಿಸೆಂಬರಿನಲ್ಲಿ, ಅಂದರೆ ೧೯೮೨ರಲ್ಲಿ, ನೀವು ನಮ್ಮ ಕಾಲೇಜಿಗೆ ಬಂದಿರಿ. ಶೇಂಗಾದ ಕಂಬಳಿಹುಳಕ್ಕೆಂದು ತರಿಸಿದ ಪುಡಿ ಅವಧಿ ಮೀರಿದೆ, ಪ್ರಾಣಿಗಳು ಓಡಾಡದ ಕಡೆ ಹೂಳಬೇಕು, ಗುಡ್ಡ ಬಲ್ಲವರು ಯಾರು ಎಂದು ಕೇಳಿದಿರಿ. ಫಸ್ಟ್ ಇಯರಿನ ನಾನು ಕೈ ಎತ್ತಿಬಿಟ್ಟೆ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದ ನನಗೆ ಯಾವ ಗುಡ್ಡ ಗೊತ್ತು? ಗೊತ್ತಿದ್ದದ್ದು ಆಡು ಕಾಯುವ ನಮ್ಮಜ್ಜಿ ಎರ್ರಮ್ಮನಿಗೆ. ಸಂಕ್ರಾಂತಿ ರಜೆಯಲ್ಲಿ ಒಂಬತ್ತು ದಿನ ನಕ್ಷೆ ಬರೆಯುತ್ತ ಅವಳ ಹಿಂದೆ ನಡೆದೆ. ಪ್ರಾಣಿಗಳು ನೀರು ಕುಡಿಯುವಲ್ಲಿ ನೀಲಿ ಚುಕ್ಕಿ, ಮೇಯುವಲ್ಲಿ ಹಸಿರು, ಮಲಗುವಲ್ಲಿ ಕೆಂಪು. ಹಿಕ್ಕೆ ಮುಟ್ಟಿ ನೋಡಿ ಅಜ್ಜಿ "ಇದು ನಿನ್ನೆ ರಾತ್ರೀದು" ಅನ್ನುತ್ತಿದ್ದಳು.

ಬಂಡೆಗಳ ನಡುವಿನ ಆ ಹಳ್ಳದ ಹತ್ತಿರ ಮಾತ್ರ ನನ್ನ ಕೈ ಹಿಡಿದಳು.

"ಇಲ್ಲಿ ಚುಕ್ಕಿ ಇಡಬ್ಯಾಡ. ಕರಡಿ ಮರಿ ಹಾಕೈತಿ. ಹೀರೀಕಾಯಿ ಹೀಚಿಗೆ ಬೆರಳು ತೋರಿಸಿದ್ರ ಕೊಳಿತೈತಿ, ಗೊತ್ತಿಲ್ಲೇನು?"

"ಇದು ಬೆರಳಲ್ಲಬೇ, ಇಂಕು."

"ನಿನ್ನ ಇಂಕು ಬೆರಳಿಗಿಂತ ಉದ್ದ ಐತಿ ಲೇ. ಕೂಡ್ಲಿಗಿ ಕಚೇರಿತನಾ ಮುಟ್ಟತೈತಿ!"

ನಕ್ಕು, ಖಾಲಿ ಬಿಟ್ಟೆ. ಆಮೇಲೆ ನಿಮ್ಮ ಮೇಜಿನ ಮುಂದೆ ನಿಂತಾಗ ನೀವು ಅದೇ ಜಾಗದ ಮೇಲೆ ಪೆನ್ಸಿಲ್ ಇಟ್ಟು ಕೇಳಿದಿರಿ: "ಇಲ್ಲೇನೂ ಇಲ್ಲೇನಮ್ಮಾ?" ಅಜ್ಜಿ ಬೇಡ ಅಂದಳು ಎಂದು ಹೇಳಲು ನಾಚಿಕೆಯಾಯಿತು. "ನೋ ಸರ್" ಅಂದೆ. "ವೆರಿ ನೀಟ್ ಮ್ಯಾಪ್" ಅಂದಿರಿ. ಈಗ ಕ್ಲಾಸಿನಲ್ಲಿ ಹಾಜರಿ ಕೂಗಿದರೂ ನನ್ನ ಕಿವಿಗೆ ಆ ನನ್ನ ಉತ್ತರವೇ ಬೀಳುತ್ತದೆ. "ಎಸ್ ಸರ್" ಅನ್ನದೆ ಕೈ ಎತ್ತಿಬಿಡುತ್ತೇನೆ.

ತಪ್ಪು ನನ್ನದು, ಒಪ್ಪಿದೆ. ಆದರೆ ಒಬ್ಬ ಹುಡುಗಿಯ ಒಂಬತ್ತು ದಿನದ ಚುಕ್ಕಿಗಳನ್ನು ನಂಬಿ ವಿಷ ಹೂಳುವ ಕಚೇರಿಗೆ ಜೀಪು ಯಾತಕ್ಕೆ? ಚುಕ್ಕಿ ಇಲ್ಲದಲ್ಲಿ ಜೀವವಿಲ್ಲವೆಂದು ಯಾವ ಪುಸ್ತಕ ಹೇಳುತ್ತದೆ? ನಕ್ಷೆಯ ಮೂಲೆಯಲ್ಲಿ ನಿಮ್ಮ ಕ್ವಾರ್ಟರ್ಸ್ ಕೂಡ ಇದೆ. ಅದರ ಮೇಲೂ ಚುಕ್ಕಿ ಇಲ್ಲ. ಅಲ್ಲಿಯೂ ಯಾರೂ ವಾಸವಿಲ್ಲವೇ?

ಕರಡಿ ಗೆದ್ದಲಿಗಾಗಿ ಮಣ್ಣು ಕೆದರುವ ಪ್ರಾಣಿ. ನಿಮ್ಮವರು ಚೀಲಗಳ ಮೇಲೆ ಅದಕ್ಕೆ ಮೂರಡಿ ಸಡಿಲ ಮಣ್ಣು ತಯಾರಿಟ್ಟು ಬಂದರು! ಈ ಏಪ್ರಿಲ್ ಮೊದಲ ವಾರ ಅಜ್ಜಿ ನನ್ನನ್ನು ಕರೆಸಿ, ಬೆರಳು ಚಾಚಿಯೇ ತೋರಿಸಿದಳು. ಹರಿದ ಚೀಲಗಳು. ಗುಂಡಿಯಿಂದ ವರತೆಯ ನೀರಿನವರೆಗೆ ದೊಡ್ಡ ಹೆಜ್ಜೆಗಳು, ಬೆಳ್ಳಗೆ. ಮರಳಿ ಬಂದ ಹೆಜ್ಜೆಗಳು ಬೆಳ್ಳಗಿರಲಿಲ್ಲ. ಪುಡಿ ನೀರಿನಲ್ಲಿ ಉಳಿದಿತ್ತು.

ತಾಯಿಕರಡಿ ಮರಿಯನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಹಾಗಾಗಿ ಮರಿಯ ಹೆಜ್ಜೆಯನ್ನು ನಾವು ನೋಡಿಯೇ ಇರಲಿಲ್ಲ. ಮೊನ್ನೆ ಭಾನುವಾರ ನೀರಿನ ಬದಿಯ ಕೆಸರಿನಲ್ಲಿ ಕಂಡೆವು. ಪುಟ್ಟವು ಮಾತ್ರ. ದೊಡ್ಡವು ಎಲ್ಲೂ ಇರಲಿಲ್ಲ.

"ಮರಿ ಬೆನ್ನು ಇಳದೈತಿ," ಅಂದಳು ಅಜ್ಜಿ.

ಈಗ ಅವಳು ವರತೆಗೆ ಜಾಲಿಮುಳ್ಳು ಮುಚ್ಚಿ, ಮೇಲಿನ ಬಂಡೆಯ ಕುಳಿಗೆ ದಿನಾ ಒಂದು ಕೊಡ ನೀರು ಹೊತ್ತು ಸುರಿಯುತ್ತಾಳೆ. ಬೆಳಗಾದರೆ ಕುಳಿ ಖಾಲಿಯಾಗಿರುತ್ತದೆ. ಮರಿ ಇನ್ನೂ ಇದೆ. ಆದರೆ ಮುಳ್ಳು ಮಳೆಯನ್ನು ತಡೆಯುವುದಿಲ್ಲ. ಮುಂಗಾರು ಬೀಳುವ ಮೊದಲು ಚೀಲಗಳನ್ನು, ಕೆಟ್ಟ ಮಣ್ಣಿನ ಸಮೇತ, ತೆಗೆಸಿ. ಆ ದಿನ ನೀವೇ ಬರಬೇಕು. ಹೊಸ ನಕ್ಷೆ ಲಗತ್ತಿಸಿದ್ದೇನೆ; ಹಳ್ಳಕ್ಕೆ ಮೂರೂ ಬಣ್ಣ ಹಚ್ಚಿದ್ದೇನೆ. ಅಲ್ಲಿ ನಿಂತು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ. ಈ ಸಲ ನಿಜ ಹೇಳುತ್ತೇನೆ.

ಇಂತಿ,
ನಿಮ್ಮ ಕಡತದಲ್ಲಿ ಬಹಳ ನೀಟಾಗಿ ಸುಳ್ಳು ಬರೆದ
ಹುಲುಗಮ್ಮ
ಬಿ.ಎಸ್ಸಿ. ಮೊದಲ ವರ್ಷ
೨೮ ಏಪ್ರಿಲ್ ೧೯೮೩