ರುಮಾಲಿನ ಕೆಳಗಿನ ಏಳು ಕೈ

ಅರಿಷಿಣ ಪೇಟೆ, ಸಾಂಗ್ಲಿ
ತಾ. ೧೮ ಆಗಸ್ಟ್ ೧೯೪೬

ಚಿರಂಜೀವಿ ಶಾಲನಳಿಗೆ, ನಿನ್ನ ಗುರುಸಿದ್ಧಪ್ಪ ಮಾಸ್ತರನ ಮನಃಪೂರ್ವಕ ಆಶೀರ್ವಾದಗಳು.

ನಿನ್ನ ಕಾಗದ ಬಂದು ಇಂದಿಗೆ ಐದು ವಾರವಾಯಿತು. ಕೃಷ್ಣೆ ಏರಿ ಬಂದುದರಿಂದ ಹರಿಪುರದ ನಾಲ್ಕು ಕುಟುಂಬಗಳನ್ನು ನಮ್ಮ ಶಾಲೆಯಲ್ಲಿ ಇರಿಸಿಕೊಂಡಿದ್ದೆವು. ಪಾಠಗಳು ನಿಂತಿದ್ದವು, ತೇವಕ್ಕೆ ಕಾಗದದ ಮೇಲೆ ಮಸಿ ಹರಡುತ್ತಿತ್ತು. ಇವೆಲ್ಲ ನಿಜವಾದ ಕಾರಣಗಳೇ. ಆದರೆ ನೀರು ಇಳಿದು ಹತ್ತು ದಿನಗಳಾದವು. ಉಳಿದ ತಡ ನನ್ನದು. ಅದನ್ನು ಕ್ಷಮಿಸು.

ನಿನ್ನ ತಾಯಿ ಜಿನಮತಿಬಾಯಿಯವರು ಕ್ಷೇಮ. ಬೆಳಗಾವಿಗೆ ಬರೆಯುತ್ತೇನೆಂದು ತಿಳಿದೊಡನೆ, "ಮಳಿಯಾಗ ಬರಿಗಾಲಿಲೆ ಸಾಲಿಗಿ ಹೋಗಬ್ಯಾಡ ಅಂತ ಬರೀರಿ. ಹುಡುಗರಿಗೆ ಬುದ್ಧಿ ಹೇಳತಾಳ, ತನಗ ಬುದ್ಧಿ ಇಲ್ಲ" ಎಂದರು. ಅವರ ಮಾತನ್ನು ಇದ್ದಂತೆಯೇ ತಲುಪಿಸಿದ್ದೇನೆ.

ಇನ್ನು ನಿನ್ನ ಕಾಗದದ ವಿಷಯ. ದೀಪಾವಳಿಯ ಬಳಿಕ ನಮ್ಮಲ್ಲಿ ಹೆಣ್ಣುಮಕ್ಕಳ ವರ್ಗ ತೆರೆಯಬೇಕೆಂದಿದ್ದೇವೆ. ಹತ್ತೊಂಬತ್ತು ಹೆಸರುಗಳು ಬಂದಿವೆ. ಬೇಡಗ ಹಳ್ಳಿಯಿಂದಲೂ ಇಬ್ಬರು ಬರುವವರಿದ್ದಾರೆ. ದೊಡ್ಡ ಹುಡುಗಿಯರನ್ನು ಗಂಡಸು ಮಾಸ್ತರರ ಬಳಿ ಕಳಿಸಲು ಮನೆಯವರು ಒಪ್ಪುತ್ತಿಲ್ಲ, ಕನ್ನಡ ಕಲಿಸಬಲ್ಲ ಹೆಂಗಸು ಈ ಎರಡೂ ಊರುಗಳಲ್ಲಿ ಇನ್ನೊಬ್ಬಳಿಲ್ಲ. ನೀನು ಬಂದರೆ ವರ್ಗ ಉಂಟು, ಬಾರದಿದ್ದರೆ ಇಲ್ಲ. ಆದರೆ ನೀನು, "ಕಾಡಪ್ಪ ಕಾಕಾ ಶಾಲೆಯ ಅಧ್ಯಕ್ಷರಾಗಿರುವವರೆಗೆ ಆ ಮೆಟ್ಟಿಲು ಹತ್ತಲಾರೆ" ಎಂದು ಬರೆದಿರುವೆ. ನಿನ್ನ ನೋವನ್ನು ನಾನು ತಪ್ಪೆನ್ನುವುದಿಲ್ಲ. ನಿನಗೆ ತಿಳಿಯದ ಕೆಲವು ಸಂಗತಿಗಳನ್ನು ಮಾತ್ರ ತಿಳಿಸುತ್ತೇನೆ.

ಈ ಶಾಲೆ ಹುಟ್ಟಿದ್ದು ಒಂದು ಕಾಗದದಿಂದ. ೧೯೨೫ರಲ್ಲಿ ಕಾಡಪ್ಪನವರ ಅಕ್ಕ ವಿಜಾಪುರದಿಂದ ಅವರಿಗೊಂದು ಕಾಗದ ಬರೆಸಿದ್ದರು. ಕಾಡಪ್ಪನವರು ಮನೆಯಲ್ಲಿ ಕನ್ನಡ ಆಡಿದರೂ ಓದಲು ಕಲಿತದ್ದು ಮರಾಠಿಯನ್ನು. ಓದಿ ಹೇಳುವವರು ಸಿಗದೆ ಆ ಕಾಗದ ಎಂಟು ದಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದಿತ್ತು. "ಬೇನೆ ಹೆಚ್ಚಾಗಿದೆ, ಒಮ್ಮೆ ಬಂದು ಹೋಗು" ಎಂದು ಅದರಲ್ಲಿತ್ತೆಂದು ತಿಳಿಯುವಷ್ಟರಲ್ಲಿ ಅಕ್ಕ ತೀರಿಕೊಂಡಿದ್ದರು. ಅಂದು ಅವರು ಪಕ್ಕದ ಅಂಗಡಿಯ ನಿನ್ನ ತಂದೆ ಆದಪ್ಪನವರ ಮುಂದೆ ಕುಳಿತು, "ನಮ್ಮ ಹುಡುಗರಿಗೆ ಹಿಂಗಾಗಬಾರದು ಆದಪ್ಪಾ" ಎಂದರಂತೆ. ಹೀಗೆ ಏಳು ಮನೆಗಳ ತಂದೆಯರು ಕೂಡಿದರು. ನಾಲ್ವರು ಲಿಂಗಾಯತರು, ಮೂವರು ಜೈನರು. ಅರಿಷಿಣ ತುಂಬುವ ವಖಾರಿಯ ಮೇಲಿನ ಅಟ್ಟ ಶಾಲೆಯಾಯಿತು. ಬಿಜ್ಜರಗಿಯಿಂದ ಬಂದ ಇಪ್ಪತ್ತೊಂದರ ತರುಣ ನಾನು ಮಾಸ್ತರನಾದೆ.

ನನ್ನ ಊಟ ದಿನಕ್ಕೊಂದು ಮನೆಯಲ್ಲಿ. ಶುಕ್ರವಾರ ನಿಮ್ಮ ಮನೆಯ ಸರದಿ. ನೀವು ಸೂರ್ಯ ಮುಳುಗುವ ಮೊದಲೇ ಉಣ್ಣುವವರಾದ್ದರಿಂದ ಅಂದು ಶಾಲೆ ಒಂದು ತಾಸು ಮುಂಚೆ ಬಿಡುತ್ತಿತ್ತು. "ಜೈನರ ದೇವರು ಭಾಳ ಚಲೋರಿ, ಮಾಸ್ತರ್ರ" ಎಂದು ಲಿಂಗಾಯತರ ಹುಡುಗರು ಚೀಲಗಳ ಮೇಲಿಂದ ಜಿಗಿದು ಓಡುತ್ತಿದ್ದರು. ಕಡೆಯ ಸಾಲಿನಲ್ಲಿ ಕುಳಿತು, ಮಕ್ಕಳ ಜೊತೆ ಅಕ್ಷರ ತಿದ್ದುತ್ತಿದ್ದ ನಲವತ್ತನಾಲ್ಕು ವರ್ಷದ ವಿದ್ಯಾರ್ಥಿಯ ನೆನಪು ನಿನಗಿದೆಯೇ? ಅವರೇ ಕಾಡಪ್ಪನವರು. ನಿನ್ನ ಪಾಟಿ ನೋಡಿ ನಕಲು ಮಾಡುತ್ತಿದ್ದರೆಂದು ನೀನು ನನ್ನಲ್ಲಿ ದೂರು ತಂದಿದ್ದೆ.

ಹುಡುಗಿಯಾಗಿ ನೀನೊಬ್ಬಳೇ ನಾಲ್ಕನೆಯ ಇಯತ್ತೆಯವರೆಗೆ ಬಂದೆ. ೧೯೩೧ರಲ್ಲಿ, ನಿನಗೆ ಹನ್ನೊಂದು ತುಂಬಿದಾಗ, ನೀನು ಹುಡುಗರ ನಡುವೆ ಮುಂದೆ ಓದಬಹುದೇ ಎಂಬ ಪ್ರಶ್ನೆ ಎದ್ದಿತು. ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸಿದವರು ಕಾಡಪ್ಪನವರು. ಕೊನೆಗೆ ನಮ್ಮ ಪದ್ಧತಿಯಂತೆ ರುಮಾಲು ಬಂದಿತು. ಪೇಟೆಯಲ್ಲಿ ಅರಿಷಿಣದ ಬೆಲೆಯನ್ನು ರುಮಾಲಿನ ಕೆಳಗೆ ಬೆರಳು ಹಿಡಿದು ಹೇಳುವುದನ್ನು ನೀನು ಬಲ್ಲೆ. ಮನಸ್ಸು ಕೆಡಿಸುವ ವಿಷಯ ಬಂದಾಗ ಶಾಲೆಯ ಏಳು ಜನರೂ ಹಾಗೆಯೇ ತೀರ್ಮಾನಿಸುತ್ತಿದ್ದರು. ಊರಲ್ಲಿ ನೆಂಟರೂ ಶಾಲೆಯಲ್ಲಿ ಮಕ್ಕಳೂ ಇಲ್ಲದ ನಾನು ರುಮಾಲು ಹಿಡಿಯುವವನು. ಒಬ್ಬೊಬ್ಬರಾಗಿ ಬಂದು ನನ್ನ ಅಂಗೈಗೆ ಒಂದು ಬೆರಳು ಒತ್ತಿದರೆ ಒಪ್ಪಿಗೆ, ಎರಡು ಒತ್ತಿದರೆ ಇಲ್ಲ. ಒಬ್ಬರ ಎರಡು ಬೆರಳು ಬಂದರೂ ವಿಷಯ ಬಿದ್ದಂತೆ. ಯಾರವು ಎಂದು ಯಾರೂ ಕೇಳಬಾರದು, ನಾನೂ ಹೇಳಬಾರದು.

ಅಂದು ವಿಷಯ ಬಿದ್ದಿತು. ಮರುದಿನ ಬೆಳಿಗ್ಗೆ ನೀನು ಪಾಟಿ ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದೆ. "ಮಾಸ್ತರ್ರ, ಆ ಎರಡ ಬೆರಳು ಯಾರವ್ರಿ?" ಎಂದು ಕೇಳಿದೆ. ಹೇಳುವ ಪದ್ಧತಿಯಿಲ್ಲ ಎಂದು ನಾನು ಹೇಳಿದೆ. ನೀನು ಪಾಟಿಯನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದೆ. ಯಾರೂ ಹೇಳದಿದ್ದರೂ ಪೇಟೆಯೆಲ್ಲ ಕಾಡಪ್ಪನವರೆಂದೇ ತಿಳಿಯಿತು. ನಿನ್ನ ತಂದೆ ಅವರೊಡನೆ ಮಾತು ಬಿಟ್ಟರು. ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದ ಎರಡು ಅಂಗಡಿಗಳಲ್ಲಿ ಎರಡು ತಕ್ಕಡಿಗಳಾದವು.

ಕಳೆದ ತಿಂಗಳು ನಿನ್ನ ಕಾಗದವನ್ನು ಕಾಡಪ್ಪನವರ ಮನೆಗೆ ಒಯ್ದಿದ್ದೆ. ಓದಿ ಹೇಳಲು ಹೋದರೆ ಬೇಡವೆಂದರು. ಬೆರಳಿಟ್ಟು ಸಾಲು ಸಾಲಾಗಿ ತಾವೇ ಓದಿದರು.

"ಬರೋಬರಿ ಬರದಾಳ ಬಿಡ್ರಿ. ಅಕ್ಷರ ಎಷ್ಟ ಚಂದ ಅದಾವು ನೋಡ್ರಿ. ನಾ ಅಧ್ಯಕ್ಷಕಿ ಬಿಡತೇನಿ, ಆ ಹುಡುಗಿ ಬರ್ಲಿ."

ಒಳಗಿನಿಂದ ಅವರ ಪತ್ನಿ ಗುರುಶಾಂತವ್ವ ಸಿಡಿದರು: "ಹದಿನೈದ ವರ್ಷ ಬೈಸಿಕೊಂಡ್ರಿ, ಈಗ ಖುರ್ಚಿನೂ ಬಿಡ್ರಿ! ಅವತ್ತ ಸಭಾದಾಗ ಅಷ್ಟ ಒದರಬೇಕಂತ ಯಾರ ಹೇಳಿದ್ರು ನಿಮಗ?"

"ಒದರಿದ್ದು ಪೇಟೆಯವರ ಸಲುವಾಗಿ. ಬೆರಳ ಕೊಟ್ಟಿದ್ದು ಹುಡುಗಿ ಸಲುವಾಗಿ." ಬಳಿಕ ನನ್ನ ಕಡೆ ತಿರುಗಿ, "ನನ್ನ ಬೆರಳ ಒಂದ ಇತ್ತು. ನಿಮಗಷ್ಟ ಗೊತ್ತೈತಿ. ಎರಡ ಯಾರವಿದ್ದೂ ಅಂತ ನಾ ಕೇಳಾಂಗಿಲ್ಲ, ಮಾಸ್ತರ್ರ. ನೀವೂ ಹೇಳಬ್ಯಾಡ್ರಿ. ಆ ಮನುಷ್ಯಾಗೂ ಏನರ ಅಂಜಿಕಿ ಇದ್ದೀತು" ಎಂದರು.

ಶಾಲನ, ಅವರ ಮಾತು ಸತ್ಯ. ಕಾಡಪ್ಪನವರದು ಒಂದೇ ಬೆರಳು. ಪದ್ಧತಿ ಮುರಿದು ಇಷ್ಟನ್ನು ಹೇಳುತ್ತಿದ್ದೇನೆ. ಇಲ್ಲಿ ಶಾಲೆ ತಪ್ಪಿದರೂ ಬೆಳಗಾವಿಯಲ್ಲಿ ನಿನ್ನ ತಾಯಿಯ ಒಡಹುಟ್ಟಿದ ಮಾವಶಿಯ ಮನೆಯಲ್ಲಿದ್ದು ಓದಿ ಮಾಸ್ತರಣಿಯಾದವಳು ನೀನು. ಈ ಹತ್ತೊಂಬತ್ತು ಮಕ್ಕಳು ನಿನ್ನಷ್ಟು ಕಷ್ಟಪಡದೆ ಓದಲೆಂಬುದು ನನ್ನ ಆಸೆ. ನಿನ್ನ ಆರೋಗ್ಯ ಚೆನ್ನಾಗಿರಲಿ, ಕೈಗೊಂಡ ಕೆಲಸವೆಲ್ಲ ಫಲಿಸಲಿ, ನಿನ್ನ ಕೈಯಲ್ಲಿ ಕಲಿತ ಮಕ್ಕಳು ನಿನ್ನನ್ನು ಮೀರಿಸಲಿ.

ಇತಿ ನಿನ್ನ ಹಿತಚಿಂತಕ,
ಗುರುಸಿದ್ಧಪ್ಪ ಮಾಸ್ತರ

ತಾ. ಕ.: ಹಾಗಾದರೆ ಅವು ಯಾರ ಬೆರಳುಗಳು ಎಂದು ನೀನು ಕೇಳುವೆ. ಈ ಐದು ವಾರ ಲೇಖನಿ ನಿಂತದ್ದು ಅಲ್ಲಿಯೇ. ಅಂದು ಏಳು ಕೈಗಳು ಬಂದವು, ಏಳರಲ್ಲಿಯೂ ಒಂದೊಂದೇ ಬೆರಳು. ಎರಡು ಬಂದಿವೆ ಎಂದು ಸುಳ್ಳು ಹೇಳಿದವನು ನಾನು. ಇಂದು ಒಪ್ಪಿದರೂ, ನಾಳೆ ಪೇಟೆಯ ಮಾತಿಗೆ ಅಂಜಿ ಒಬ್ಬ ಹುಡುಗಿಯ ಸಲುವಾಗಿ ನಾಲ್ಕು ಮನೆಯವರು ಹುಡುಗರನ್ನು ಬಿಡಿಸಿದರೆ ಶಾಲೆಯೇ ಮುಚ್ಚುತ್ತದೆಂದು ಹೆದರಿದೆ. ಅವರೆಲ್ಲರೂ ಒಪ್ಪಿದ್ದರು; ಹೆದರಿದವನು ನಾನೊಬ್ಬನೇ. ನಿನ್ನ ತಂದೆ ತೀರಿದ ದಿನ ಕಾಡಪ್ಪನವರು ಹೊಸ್ತಿಲು ದಾಟದೆ ಬೀದಿಯಲ್ಲಿ ನಿಂತು ಅಳುತ್ತಿದ್ದರು. ಪಕ್ಕದಲ್ಲೇ ಇದ್ದೆ, ಆಗಲೂ ಬಾಯಿ ತೆರೆಯಲಿಲ್ಲ.

ಮುಂದಿನ ರವಿವಾರ ಏಳು ಮನೆಯವರನ್ನೂ ಕರೆದಿದ್ದೇನೆ. ರುಮಾಲಿಲ್ಲದೆ, ಬಾಯಿಬಿಟ್ಟು ಹೇಳುತ್ತೇನೆ. ಅವರಿಗಿಂತ ಮೊದಲು ನೀನು ತಿಳಿಯಬೇಕಿತ್ತು; ಕೇಳಿದವಳು ನೀನು. ಆಮೇಲೆ ನಾನು ಶಾಲೆಯಲ್ಲಿ ಉಳಿಯುವುದು ಬಿಡುವುದು ಅವರ ಇಚ್ಛೆ. ನನ್ನ ಮೇಲಿನ ಸಿಟ್ಟನ್ನು ಇಟ್ಟುಕೊಂಡೇ ನೀನು ಬಾ. ಬಂದ ದಿನ ನನ್ನ ಬಳಿಗೆ ಬರಬೇಡ, ಮೊದಲು ಕಾಡಪ್ಪನವರ ಅಂಗಡಿಗೆ ಹೋಗು. ನಿನ್ನ ಪಾಟಿ ಅಲ್ಲಿದೆ. ಅಂದು ಮೆಟ್ಟಿಲ ಮೇಲಿಂದ ಎತ್ತಿಕೊಂಡವರು ಅವರು.