ಹಿತುಕಿದ ಅವರೆ

೧೯೫೯ ಆಗಸ್ಟ್ ೪
ಇವತ್ತೂ ಮಂಚವನ್ನು ಬೇವಿನ ಮರದಡಿಗೆ ತಂದು ಹಾಕಿದರು. ಬೆಳಗ್ಗೆಯಿಂದ ಸಂಜೆವರೆಗೆ ಗಾಳಿ ಕುಡಿಯುವುದೇ ಕೆಲಸ. ಜ್ವರ ಬಿಟ್ಟವರೆಲ್ಲ ನಾಳೆಯಿಂದ ಹಿತ್ತಲಿನಲ್ಲಿ ಮಣ್ಣು ಕೆದಕಬೇಕಂತೆ, ಡಾಕ್ಟರ ಆರ್ಡರು. ಇಂಜೆಕ್ಷನ್ ಅರ್ಧ, ಮಣ್ಣು ಅರ್ಧ ಅನ್ನುತ್ತಾರೆ. ಕಲ್ಯಾಣದುರ್ಗದ ಈ ಟಿ.ಬಿ. ಆಸ್ಪತ್ರೆಯಲ್ಲಿ ನಾನು, ಹಿಂದೂಪುರದಲ್ಲಿ ನನ್ನ ಮಗಳು ಸುವರ್ಣಿ. ಪೂರ್ತಿ ವಾಸಿಯಾಗದೆ ಹೊಸ್ತಿಲು ತುಳಿಯಬೇಡ ಅಂದಿದ್ದಾರೆ ಅತ್ತೆ. ಆಗುತ್ತೇನೆ. ನೋಡುತ್ತಿರಲಿ.

ಆಗಸ್ಟ್ ೯
ಗುದ್ದಲಿ ಹಿಡಿದದ್ದು ನೋಡಿ ಪಕ್ಕದ ಮಂಚದ ಕೊಂಡಮ್ಮ ನಕ್ಕಳು. ಕಂಬದೂರಿನ ಬೇಸಾಯದವಳು. ಅಂಗಡಿಯವರ ಸೊಸೆ ತಕ್ಕಡಿ ಹಿಡಿದ ಹಾಗಿದೆ ಅಂತ. ನಗಲಿ. ಅವರೆ ಹಾಕಿದೆ. ಬೆವರು ಬಂತು, ಕೆಮ್ಮು ಬರಲಿಲ್ಲ.

ಡಿಸೆಂಬರ್ ೨೧
ಅವರೆಯ ಸೊಗಡಿನ ಮುಂದೆ ವಾರ್ಡಿನ ಫಿನೈಲ್ ವಾಸನೆ ಸೋತಿದೆ. ಕಫದ ಟೆಸ್ಟು ಈ ಸಲವೂ ಕ್ಲೀನ್... ಮನೆಗೆ ಹೋಗಬಹುದು ಅಂದರು ಡಾಕ್ಟರು. ಖುಷಿಗೆ ಅತ್ತುಬಿಟ್ಟೆ. ಕಾಳು ನೆನೆಹಾಕಿ, ಸಿಪ್ಪೆ ಹಿತುಕಿ, ಡಬ್ಬಿ ತುಂಬ ಬೇಳೆ ಬಸ್ಸಿನಲ್ಲಿ ಕಳಿಸಿದೆ. ಸುವರ್ಣಿಗೆ ಹಿತುಕಿದ ಬೇಳೆ ಸಾರು ಅಂದರೆ ಪ್ರಾಣ.

ಡಿಸೆಂಬರ್ ೨೭
ಯಜಮಾನರು ಬಂದಿದ್ದರು. ಗೇಟಿನ ಆಚೆಯೇ ನಿಂತರು. ಬೇಳೆಯನ್ನು ಅತ್ತೆ ಎಮ್ಮೆಗೆ ಸುರಿದರಂತೆ. ಒಂದೊಂದೂ ನನ್ನ ಬೆರಳ ಸಂದಿಯಿಂದ ಬಂದದ್ದಲ್ಲವಾ. ದಡ್ಡಿ ನಾನು, ಕಾಯಿಯಾಗಿಯೇ ಕಳಿಸಬೇಕಿತ್ತು.
"ಇನ್ನೊಂದು ವರ್ಷ ಇಲ್ಲೇ ಇದ್ಬುಡು ಕಣೆ. ಅಮ್ಮ ಒಪ್ಪಾಕಿಲ್ಲ."
ಸಿಟ್ಟಿಗೆ ಕೇಳಿಯೇಬಿಟ್ಟೆ.
"ಎಮ್ಮೆ ಕೆಮ್ತಾ ಐತಾ?"
ನೆಲ ನೋಡಿದರು.
"ನಾನು ಬತ್ತೀನಿ. ಕೇಳ್ತಾ ಇಲ್ಲ, ಹೇಳ್ತಾ ಇವ್ನಿ."

೧೯೬೦ ಜನವರಿ ೩, ಸಂಜೆ — ಹಿಂದೂಪುರ
ಬೆಳಗ್ಗೆ ಕೊಂಡಮ್ಮ ಬಸ್ ಹತ್ತಿಸಿದಳು. "ಭಯಂ ಎಂದುಕಮ್ಮಾ, ಭಯ ಯಾಕೆ? ನಿನ್ನ ಮನೆ ಕಣಮ್ಮ ಅದು," ಅಂದಳು. ಹೌದು, ನನ್ನದೇ. ಆದರೂ ಒಳಗಿಂದ ಬಾಗಿಲು ಹಾಕಿದ್ದಾರೆ. ಯಜಮಾನರು ಅಂಗಡಿಯಲ್ಲಿ ಅಡಗಿದ್ದಾರೆ. ಛತ್ರಕ್ಕೆ ಹೋಗು ಅಂತ ಅತ್ತೆ ಕಿಟಕಿಯಿಂದಲೇ ಅಂದರು. ಹೋಗುವುದಿಲ್ಲ ಅಂದೆ. ಜಗುಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಬೀದಿಯೆಲ್ಲ ಕಣ್ಣು ಬಿಟ್ಟು ನೋಡುತ್ತಿದೆ. ನೋಡಲಿ, ರಾತ್ರಿಯಾದರೂ ಏಳುವುದಿಲ್ಲ.
ಒಳಗೆ ಸುವರ್ಣಿಯ ದನಿ. ಎಷ್ಟು ದೊಡ್ಡದಾಗಿದೆ...
"ನಮ್ಮಮ್ಮ ಕಣಜ್ಜಿ. ತೆಗಿ."
ಅತ್ತೆ ಗದರಿದರು. ಈಗ ಸ್ಟೂಲು ಎಳೆಯುವ ಸದ್ದು — ಬಾಗಿಲ ಹತ್ತಿರಕ್ಕೇ. ಬಾಗಿಲ ಸಂದಿಯಲ್ಲಿ ಪುಟ್ಟ ಬೆರಳು. ಚಿಲಕ—